ಒಲೆಗೆ ಹೋಗೋ ಹಳೇ ಮರದಿಂದ ಮನೆ ಸಾಮಾನು ಮಾಡ್ಕೊಳ್ಳೋದು ಹೇಗೆ

ನಾಲ್ಕು ವರ್ಷದ ಹಿಂದೆ ಸಾಗರದ ಹತ್ರ ಇದ್ದ ನಮ್ಮ ಅಜ್ಜನ ಮನೆ ಬಿಚ್ಚಿದ್ರು. ಹೆಂಚಿನ ಮನೆ, ಮಣ್ಣಿನ ಗೋಡೆ, ಜಗಲಿಯಲ್ಲಿ ಎರಡು ಮುಂಡಿಗೆ ಕಂಬ. ಕಂಬ ಮತ್ತೆ ದೊಡ್ಡ ತೊಲೆಗಳನ್ನ ವ್ಯಾಪಾರಿ ಬಂದು ಲಾರಿಗೆ ಹಾಕ್ಕೊಂಡು ಹೋದ, ಉಳಿದ ಪಕಾಸು (ಸೂರಿನ ಓರೆ ಮರ), ರೀಪು (ಹೆಂಚು ಕೂರೋ ಪಟ್ಟಿ), ಅರ್ಧ ಕುಂಬಾಗಿದ್ದ (ಕೊಳೆತ) ಜಂತೆ, ಕಿಟಕಿ ಚೌಕಟ್ಟು, ಒಂದು ಮುರಿದ ನೊಗ, ಇವನ್ನೆಲ್ಲ ಚಿಕ್ಕಪ್ಪ ಅಡಿಕೆ ಬೇಯಿಸೋ ಒಲೆಗೆ ಆಗತ್ತೆ ಅಂತ ಕೊಟ್ಟಿಗೆ ಪಕ್ಕ ಒಟ್ಟಿಟ್ಟಿದ್ರು. ನಾನು ಹೋಗೋ ಹೊತ್ತಿಗೆ ಅರ್ಧ ರಾಶಿ ಒಲೆಗೆ ಹೋಗಿ ಆಗಿತ್ತು. ಉಳಿದ ಒಂದು ಪಕಾಸಿನ ತುದಿ ಗರಗಸದಲ್ಲಿ ಕೊಯ್ದು ನೋಡಿದ್ರೆ ಒಳಗೆ ಜೇನಿನ ಬಣ್ಣದ ಹಲಸು, ಇವತ್ತು ಕೊಯ್ದಷ್ಟು ಹೊಸದಾಗಿತ್ತು! ಆ ದಿನ ಪಿಕಪ್ ಬಾಡಿಗೆಗೆ ಹಿಡಿದು ಉಳಿದಿದ್ದನ್ನೆಲ್ಲ ತುಂಬ್ಕೊಂಡು ಬಂದೆ. ಈಗ ನಮ್ಮನೇಲಿ ಇರೋ ಶೆಲ್ಫು, ಕನ್ನಡಿ, ಬಟ್ಟೆ ನೇತುಹಾಕೋ ಗೂಟದ ಪಟ್ಟಿ ಎಲ್ಲ ಅದರದ್ದೇ.

ಇದನ್ನ ಬರೀತಿರೋದು ಯಾಕಂದ್ರೆ ಮಲೆನಾಡು, ಕರಾವಳಿ, ಕೊಡಗು ಕಡೆ ಹಳೇ ಮನೆ ಬಿಚ್ಚೋದು ನಡೀತಾನೇ ಇದೆ, ಆ ಮರ ಸೌದೆ ರೇಟಿಗೆ ಹೋಗ್ತಿದೆ, ಇನ್ನೊಂದು ಕಡೆ ಸಿಟಿಯಲ್ಲಿ ಜನ "ರಸ್ಟಿಕ್ ಲುಕ್" ಅಂತ ಹೊಸ ಪೈನ್ ಮರಕ್ಕೆ ಕಪ್ಪು ಬಣ್ಣ ಬಳಿದಿದ್ದನ್ನ ದುಡ್ಡು ಕೊಟ್ಟು ತರ್ತಿದಾರೆ. ಹಳೇ ಮರ ಹತ್ತಾರು ವರ್ಷ ಸೂರಿನ ಕೆಳಗೆ ಒಣಗಿರತ್ತೆ, ಕುಗ್ಗಬೇಕಾದ್ದೆಲ್ಲ ಕುಗ್ಗಿ ಆಗಿರತ್ತೆ. ಹೊಸ ಮರಕ್ಕೆ ಆ ಗುಣ ದುಡ್ಡು ಕೊಟ್ರೂ ಬರಲ್ಲ.

ಮರ ಎಲ್ಲಿಂದ ತರೋದು

ಮೊದಲು ನಿಮ್ಮ ಊರಲ್ಲೇ ಕೇಳಿ. ಯಾರ ಮನೆ ಬಿಚ್ತಿದಾರೆ, ಯಾರ ಕೊಟ್ಟಿಗೆ ಬಿದ್ದಿದೆ ಅನ್ನೋದು ಊರಿನ ಆಚಾರ್ರಿಗೆ ಗೊತ್ತಿರತ್ತೆ. ಅವರ ಹತ್ರ ಇನ್ನೊಂದು ಲಾಭ ಇದೆ, ಮರ ಯಾವುದು ಅಂತ ವಾಸನೆ ನೋಡಿ, ತೂಕ ನೋಡಿ ಹೇಳಿಬಿಡ್ತಾರೆ. ಹಲಸು, ಸಾಗುವಾನಿ, ಹೊನ್ನೆ, ಮತ್ತಿ, ನಂದಿ, ಹೆಬ್ಬಲಸು, ಇವು ನಮ್ಮ ಕಡೆ ಹಳೇ ಮನೆಗಳಲ್ಲಿ ಸಾಮಾನ್ಯವಾಗಿ ಸಿಗೋದು. ಸಿಟಿಯಲ್ಲಿರೋರಿಗೆ ಹಳೇ ಬಾಗಿಲು ಕಿಟಕಿ ಮಾರೋ ಅಂಗಡಿಗಳು ಇದಾವೆ, ಆದ್ರೆ ಅಲ್ಲಿ ರೇಟು ಜಾಸ್ತಿ.

ಬೆಂಗಳೂರಲ್ಲಿ ಪೀಣ್ಯ ಥರದ ಫ್ಯಾಕ್ಟರಿ ಏರಿಯಾದಲ್ಲಿ ಪ್ಯಾಲೆಟ್ (ಸರಕು ಇಟ್ಟು ಸಾಗಿಸೋ ಹಲಗೆ) ಮರ ಅಗ್ಗಕ್ಕೆ ಸಿಗತ್ತೆ. ತಗೊಳ್ಳೋ ಮೊದಲು ಅದರ ಮೇಲಿರೋ ಮುದ್ರೆ ಓದಿ. ಎಚ್‌ಟಿ ಅಂತ ಇದ್ರೆ ಬಿಸಿ ಮಾಡಿ ಹುಳ ಸಾಯಿಸಿದ್ದು ಅಂತ ಅರ್ಥ, ಮರದ ತಿರುಳಿನ ತನಕ 56 ಡಿಗ್ರಿ ಬಿಸಿ 30 ನಿಮಿಷ ಕೊಟ್ಟಿರ್ತಾರೆ. ಎಂಬಿ ಅಂತ ಇದ್ರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಹೊಗೆ ಕೊಟ್ಟಿದ್ದು, ಅದನ್ನ ಮನೆಗೆ ತರಬೇಡಿ. ಎಣ್ಣೆ, ಕೆಮಿಕಲ್ ಚೆಲ್ಲಿದ ಕಲೆ ಇರೋದೂ ಬೇಡ. ಹಾಗೇ ರೈಲ್ವೆ ಸ್ಲೀಪರ್ ಚೆನ್ನಾಗಿ ಕಾಣತ್ತೆ ಅಂತ ತಂದು ಮನೆ ಒಳಗೆ ಬೆಂಚ್ ಮಾಡೋರಿದಾರೆ, ಅದಕ್ಕೆ ಕ್ರಿಯೋಸೋಟ್ ಅನ್ನೋ ಟಾರಿನಂಥ ಎಣ್ಣೆ ಕುಡಿಸಿರ್ತಾರೆ, ಬೇಸಿಗೆಯಲ್ಲಿ ಅದು ಜಿನುಗತ್ತೆ, ಅದರ ಆವಿಯೂ ಒಳ್ಳೇದಲ್ಲ. ಅದು ಮನೆ ಒಳಗೆ ಇರಬೇಕಾದ ಮರ ಅಲ್ವೇ ಅಲ್ಲ.

ಇನ್ನು ದಿಮ್ಮಿ. ಮಳೆಗಾಳಿಗೆ ಬಿದ್ದ ಸಿಲ್ವರ್ ಓಕು, ಮಾವು, ಹಲಸಿನ ಕೊಂಬೆ, ಸತ್ತ ತೆಂಗು, ಅಡಿಕೆ, ಇವು ತೋಟ ಇರೋರ ಹತ್ರ ಸಿಗತ್ತೆ. ನಮ್ಮ ಜಮೀನಿನ ಮರ ಅಂದ್ಕೊಂಡು ಕಡಿಯಕ್ಕೆ ಹೋಗ್ಬೇಡಿ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಹೆಚ್ಚಿನ ಮರಕ್ಕೆ ಅರಣ್ಯ ಇಲಾಖೆ ಅನುಮತಿ ಬೇಕು. ಸಿಲ್ವರ್ ಓಕು, ನೀಲಗಿರಿ, ಗಾಳಿಮರ, ತೆಂಗು, ರಬ್ಬರ್ ಇವಕ್ಕೆ ವಿನಾಯಿತಿ ಇದೆ. ಶ್ರೀಗಂಧ, ಬೀಟೆ ಸುದ್ದಿಗೇ ಹೋಗ್ಬೇಡಿ. ಹಳೇ ಮನೆ ಮರವನ್ನ ಒಂದೂರಿಂದ ಇನ್ನೊಂದೂರಿಗೆ ಸಾಗಿಸೋದಾದ್ರೂ ಮೊದಲು ಅಲ್ಲಿನ ರೇಂಜ್ ಆಫೀಸಲ್ಲಿ ವಿಚಾರಿಸಿ, ಪಾಸ್ ಬೇಕಂದ್ರೆ ಮಾಡಿಸ್ಕೊಂಡು ಹೊರಡಿ, ದಾರಿ ಮಧ್ಯ ಚೆಕ್‌ಪೋಸ್ಟಲ್ಲಿ ನಿಲ್ಲೋದಕ್ಕಿಂತ ಅದು ಲೇಸು. ಮತ್ತೆ ಕಾಡಲ್ಲಿ ಬಿದ್ದಿರೋ ದಿಮ್ಮಿ ಯಾರಿಗೂ ಸೇರಿದ್ದಲ್ಲ ಅನ್ಕೋಬೇಡಿ, ಅದು ಇಲಾಖೆದು, ಅದಕ್ಕಿಂತ ಹೆಚ್ಚಾಗಿ ಅದರೊಳಗೆ ಇರೋ ತುಡುವೆ ಜೇನಿಗೆ, ಗೂಬೆಗೆ, ಹುಳಹುಪ್ಪಟೆಗೆ ಸೇರಿದ್ದು.

ಗೊತ್ತಿಲ್ಲದ ಮರ ಮುಟ್ಟಬೇಡಿ ಅನ್ನೋದನ್ನೂ ಇಲ್ಲೇ ಹೇಳ್ತೀನಿ. ಹೊಲಗೇರು ಮರದ ಸೊನೆ ತಾಗಿದ್ರೆ ಮೈಯೆಲ್ಲ ಬೊಕ್ಕೆ ಏಳತ್ತೆ, ಮಲೆನಾಡಿನ ಹಿರಿಯರು ಆ ಮರದ ಕೆಳಗೆ ನಿಲ್ಲಕ್ಕೂ ಹೆದರ್ತಾರೆ. ಮರ ಯಾವುದು ಅಂತ ಯಾರಿಗೂ ಗೊತ್ತಾಗ್ಲಿಲ್ಲ ಅಂದ್ರೆ ಬೆಂಗಳೂರು ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಅಲ್ಲಿ ಮರದ ಗುರುತು ಹಿಡಿಯೋ ಕೆಲಸ ಮಾಡ್ತಾರೆ.

ಕಾಫಿ ಬುಡದ ಬಗ್ಗೆ ಒಂದು ಮಾತು. ಚಿಕ್ಕಮಗಳೂರು, ಸಕಲೇಶಪುರ, ಕೊಡಗಲ್ಲಿ ಕಿತ್ತು ಹಾಕಿದ ಹಳೇ ಕಾಫಿ ಗಿಡದ ಬುಡದಿಂದ ಟೀಪಾಯಿ ಮಾಡ್ತಾರೆ, ಮೇಲೆ ಗ್ಲಾಸ್ ಇಟ್ರೆ ತುಂಬ ಚೆಂದ. ಆದ್ರೆ ಅರೇಬಿಕಾ ಗಿಡ ಕಿತ್ತಿರೋದು ಹೆಚ್ಚಾಗಿ ಬಿಳಿ ಕಾಂಡಕೊರಕ ಬಂದಿದೆ ಅಂತಾನೇ. ಆ ಗಿಡವನ್ನ ಬೆಳೆಗಾರರು ಕಿತ್ತು ಸುಡೋದು ಒಳಗಿರೋ ಹುಳ ಹೊರಬಂದು ಪಕ್ಕದ ಗಿಡಕ್ಕೆ ಹೋಗದಿರಲಿ ಅಂತ. ನೀವು ಟೀಪಾಯಿಗೆ ಅಂತ ಅದನ್ನ ಎತ್ಕೊಂಡು ಇನ್ನೊಂದು ಎಸ್ಟೇಟ್ ಪಕ್ಕದ ಮನೆಗೆ ತಂದ್ರೆ ಅವರ ತೋಟಕ್ಕೆ ರೋಗ ಹೊತ್ಕೊಂಡು ಹೋದ ಹಾಗೆ. ಕಾಂಡದಲ್ಲಿ ತೂತು, ಉಬ್ಬಿದ ಏಣು ಕಂಡ್ರೆ ಬಿಟ್ಟುಬಿಡಿ. ಹಳೇ ರೋಬಸ್ಟಾ ಬುಡ ಆದ್ರೆ ದಪ್ಪಾನೂ ಇರತ್ತೆ, ಈ ಹುಳದ ಕಾಟಾನೂ ಕಮ್ಮಿ.

ತಂದ ದಿನ ಮಾಡೋ ಕೆಲಸ

ಹಳೇ ಮರದ ರಾಶಿ ಮುಟ್ಟೋವಾಗ ಶೂ, ದಪ್ಪ ಕೈಗವಸು ಹಾಕ್ಕೊಳ್ಳಿ, ಚೇಳು ಅದರ ಸಂದಿಯಲ್ಲಿ ಇದ್ದೇ ಇರತ್ತೆ ಅಂದ್ಕೊಂಡೇ ಕೈ ಹಾಕಿ. ಮರವನ್ನ ನೇರ ಮನೆ ಒಳಗೆ ತರಬೇಡಿ. ಹೊರಗೆ ನೆರಳಲ್ಲಿ, ನೆಲದಿಂದ ಮೇಲೆ ಇಟ್ಟಿಗೆ ಕೊಟ್ಟು, ನಡುವೆ ಗಾಳಿ ಆಡೋ ಹಾಗೆ ರೀಪು ಇಟ್ಟು ಜೋಡಿಸಿ, ಎರಡು ಮೂರು ವಾರ ಬಿಡಿ.

ಈ ಮೂರು ವಾರ ಕುಟ್ಟೆ ಹುಳದ ಪರೀಕ್ಷೆಗೆ. ಮರದ ಕೆಳಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿ. ಹಳೇ ಮರದಲ್ಲಿ ಸಣ್ಣ ಸಣ್ಣ ತೂತು ಇರೋದು ಸಾಮಾನ್ಯ, ಅದು ಎಷ್ಟೋ ವರ್ಷದ ಹಿಂದೆ ಹುಳ ಹೊರಗೆ ಹೋದ ದಾರಿ ಇರಬಹುದು, ಅದರಿಂದ ತೊಂದರೆ ಇಲ್ಲ. ಆದ್ರೆ ದಿನಾ ಹಾಳೆ ಮೇಲೆ ಮೈದಾಹಿಟ್ಟಿನ ಥರ ಹೊಸ ಪುಡಿ ಬೀಳ್ತಿದ್ರೆ ಒಳಗೆ ಹುಳ ಜೀವಂತ ಇದೆ. ಅದು ತಿನ್ನೋದು ಮರದ ಹೊರಗಿನ ಬಿಳಿ ಭಾಗವನ್ನ, ಅಲ್ಲಿ ಪಿಷ್ಟ ಇರತ್ತೆ ಅಂತ. ಒಳಗಿನ ಚೇಗನ್ನ ಅದು ಅಷ್ಟಾಗಿ ಮುಟ್ಟಲ್ಲ. ಹಾಗಾಗಿ ಮೊದಲ ಚಿಕಿತ್ಸೆ ಬಾಚಿ (ಮರ ಕೆತ್ತೋ ಅಡ್ಡ ಕೊಡಲಿ) ಅಥವಾ ಉಳಿ ತಗೊಂಡು ಆ ಬಿಳಿ ಭಾಗ ಕೆತ್ತಿ ತೆಗೆಯೋದು, ಕುಂಬಾದ ಮೆತ್ತನೆ ಭಾಗವೂ ಅದರ ಜೊತೆ ಹೋಗತ್ತೆ, ಗಟ್ಟಿ ಇರೋದು ಮಾತ್ರ ಉಳಿಯತ್ತೆ. ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ, ಒಳಗೆ ಹೋದ್ರೆ ಇನ್ನೂ ಕೆತ್ತಬೇಕು.

ಆಮೇಲೆ ಬೋರಾಕ್ಸ್ ಬೋರಿಕ್ ದ್ರಾವಣ. ಬಿಳಿಗಾರ ಅಂತಾರಲ್ಲ ಅದೇ ಬೋರಾಕ್ಸ್. 10 ಲೀಟರ್ ಬಿಸಿ ನೀರಿಗೆ 600 ಗ್ರಾಂ ಬೋರಾಕ್ಸ್, 400 ಗ್ರಾಂ ಬೋರಿಕ್ ಆಸಿಡ್ ಪೂರ್ತಿ ಕರಗೋ ತನಕ ತಿರುಗಿಸಿ, ಬ್ರಷ್ಷಲ್ಲಿ ಮರಕ್ಕೆ ಧಾರಾಳವಾಗಿ ಹಚ್ಚಿ, ಒಂದು ಕೋಟ್ ಹೀರ್ಕೊಂಡ ಮೇಲೆ ಇನ್ನೊಂದು, ಹೀಗೆ ಮೂರು ಸಲ, ಕೊಯ್ದ ತುದಿಗೆ ನಾಲ್ಕೈದು ಸಲ. ತೂತುಗಳಿಗೆ ಸಿರಿಂಜಲ್ಲಿ ಬಿಡಿ. ಎರಡು ವಿಷಯ ಮರೀಬೇಡಿ: ಪೇಂಟ್ ಅಥವಾ ಪಾಲಿಶ್ ಇದ್ರೆ ದ್ರಾವಣ ಒಳಗೆ ಇಳಿಯಲ್ಲ, ಅದನ್ನ ತೆಗೆದ ಮೇಲೇ ಹಚ್ಚಬೇಕು. ಇನ್ನೊಂದು, ಇದು ನೀರಲ್ಲಿ ತೊಳೆದು ಹೋಗತ್ತೆ, ಮನೆ ಒಳಗಿನ ಸಾಮಾನಿಗೆ ಸರಿ, ಮಳೆ ಬೀಳೋ ಜಾಗಕ್ಕೆ ಇಟ್ರೆ ಪ್ರಯೋಜನ ಇಲ್ಲ. ಗ್ಲೌಸ್ ಹಾಕ್ಕೊಳ್ಳಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ತಿನ್ನೋ ವಸ್ತು ತಾಗೋ ಮಣೆ, ತಟ್ಟೆ, ಚಾಕು ಹಲಗೆ ಇವಕ್ಕೆ ಹಚ್ಚಲೇಬೇಡಿ.

ಕರಾವಳಿಯಲ್ಲಿ ಪಕಾಸಿಗೆ ಗೇರುಬೀಜದ ಸಿಪ್ಪೆ ಎಣ್ಣೆ ಹಚ್ತಿದ್ರು, ಗೆದ್ದಲು ಹತ್ರ ಬರ್ತಿರ್ಲಿಲ್ಲ. ಒಳ್ಳೆ ಪದ್ಧತಿ, ಆದ್ರೆ ಚರ್ಮಕ್ಕೆ ತಾಗಿದ್ರೆ ಸುಟ್ಟ ಗಾಯ ಆಗತ್ತೆ, ಅದೂ ಕೈ ತಾಗೋ ಶೆಲ್ಫಿಗೆ ಖಂಡಿತ ಬೇಡ. ಸೂರಿನ ಮೇಲೆ ಇರಲಿ ಅದು.

ಮೊಳೆ, ಬಣ್ಣ, ಮಸಿ

ಹಳೇ ಮರಕ್ಕೆ ಗರಗಸ ಇಡೋ ಮೊದಲು ಪ್ರತಿ ಮೊಳೆ ತೆಗೆದಿರಬೇಕು. ಸಾಮಿಲ್‌ನವರು ಹಳೇ ಮರ ಅಂದ್ರೆ ಕೊಯ್ಯಕ್ಕೆ ಹಿಂದೆ ಮುಂದೆ ನೋಡೋದು ಇದಕ್ಕೇ, ಒಂದು ಮೊಳೆ ಸಾಕು ಬ್ಲೇಡ್ ಹಾಳಾಗಕ್ಕೆ, ತುಂಡು ಹಾರಿ ಕಣ್ಣಿಗೂ ಬಡಿಯತ್ತೆ. ಒಂದು ಗಟ್ಟಿ ಅಯಸ್ಕಾಂತಕ್ಕೆ ದಾರ ಕಟ್ಟಿ ಮರದ ಮೈ ಮೇಲೆ ನಿಧಾನ ಎಳೀರಿ, ಎಲ್ಲಿ ಕಚ್ಚತ್ತೋ ಅಲ್ಲಿ ಚಾಕ್ ಗುರುತು ಹಾಕಿ. ಮುರಿದ ಮೊಳೆ ಹಿಂದಿನಿಂದ ಸಣ್ಣ ಚಾಣದಲ್ಲಿ ಹೊಡೆದು ಈ ಕಡೆ ತಲೆ ಎತ್ತೋ ಹಾಗೆ ಮಾಡಿ, ಇಕ್ಕಳದಲ್ಲಿ ಹಿಡಿದು, ಇಕ್ಕಳದ ಕೆಳಗೆ ಒಂದು ರೀಪಿನ ಚೂರು ಇಟ್ಟು ಉರುಳಿಸಿ ಎಳೀರಿ, ಹಾಗೆ ಮಾಡಿದ್ರೆ ಮರದ ಮೈಗೆ ಗಾಯ ಆಗಲ್ಲ. ತುಂಬ ಹಳೇ ಮನೆ ಆದ್ರೆ ಕುಲುಮೆಯಲ್ಲಿ ಬಡಿದು ಮಾಡಿದ ನಾಲ್ಕು ಮೂಲೆ ಮೊಳೆ ಸಿಗತ್ತೆ, ಎಸೀಬೇಡಿ, ಆಮೇಲೆ ಕೊಕ್ಕೆ ಥರ ಬಳಸಬಹುದು.

ಹಳೇ ಪೇಂಟ್ ಇದ್ರೆ ಹುಷಾರು. ನಮ್ಮ ದೇಶದಲ್ಲಿ ಮನೆ ಪೇಂಟಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಲ್ಲಿ 90 ಪಾಲು) ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರಲ್ಲಿ. ಅದಕ್ಕೂ ಹಿಂದಿನ ಬಾಗಿಲು, ಕಿಟಕಿ ಬಣ್ಣದಲ್ಲಿ ಸೀಸ ಇರತ್ತೆ ಅಂದ್ಕೊಂಡೇ ಕೆಲಸ ಮಾಡಿ. ಒಣ ಮರಳುಕಾಗದದಲ್ಲಿ ಉಜ್ಜಿದ್ರೆ ಧೂಳು ಮನೆಯೆಲ್ಲ ಕೂತು ಮಕ್ಕಳ ಹೊಟ್ಟೆಗೆ ಹೋಗತ್ತೆ. ಒದ್ದೆ ಮಾಡ್ಕೊಂಡು ಕೆರೀರಿ, ಇಲ್ಲ ಪೇಂಟ್ ರಿಮೂವರ್ ಹಾಕಿ, ಕೆರೆದಿದ್ದನ್ನ ಹಾಳೆ ಮೇಲೆ ಬೀಳಿಸಿ ಕಟ್ಟಿ ತೆಗೀರಿ, ಸುಡಬೇಡಿ. ಎನ್95 ಮಾಸ್ಕ್ ಇಲ್ಲದೆ ಯಾವ ಮರದ ಧೂಳೂ ಬೇಡ.

ಅಟ್ಟದ ಮರಕ್ಕೆ ಅಡುಗೆಮನೆ ಹೊಗೆ ಹಿಡಿದು ಕಪ್ಪು ಮಸಿ ಕೂತಿರತ್ತೆ. ಮೊದಲು ಒಣ ತೆಂಗಿನ ನಾರಿನ ಬ್ರಷ್, ಆಮೇಲೆ ಅಂಟುವಾಳ ನೆನೆಸಿದ ನೀರಲ್ಲಿ ಬಟ್ಟೆ ಅದ್ದಿ ಹಿಂಡಿ ಒರೆಸೋದು, ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಇಡೋದು. ಕಾರ್ ತೊಳೆಯೋ ಪ್ರೆಶರ್ ಪೈಪ್ ಹಿಡೀಬೇಡಿ, ಇಷ್ಟು ವರ್ಷ ಒಣಗಿದ ಮರಕ್ಕೆ ಮತ್ತೆ ನೀರು ಕುಡಿಸಿದ ಹಾಗಾಗತ್ತೆ, ಮೈಯೆಲ್ಲ ನಾರು ಎದ್ದು ಬರತ್ತೆ.

ಈಗ ನಾನು ತುಂಬ ಗಟ್ಟಿಯಾಗಿ ನಂಬಿರೋ ಒಂದು ವಿಷಯ. ನನ್ನ ಮೊದಲ ಪಕಾಸನ್ನ ನಾನು ಮೆಷಿನ್ ಹತ್ತರಿಗೆ ಕೊಟ್ಟು ನುಣ್ಣಗೆ ಮಾಡಿಸಿದೆ. ಬಂದಿದ್ದು ಅಂಗಡಿಯಲ್ಲಿ ಸಿಗೋ ಹಲಗೆ ಥರದ್ದೇ ಒಂದು ಹಲಗೆ. ಯಾರೋ ಆಚಾರ್ರು ಬಾಚಿ ಹಿಡಿದು ಒಂದೊಂದೇ ಏಟು ಹಾಕಿ ಚೌಕ ಮಾಡಿದ ಗುರುತು, ಮೀನಿನ ಸಿಪ್ಪೆ ಥರ ಸಾಲಾಗಿ ಇದ್ದಿದ್ದು, ಐದು ನಿಮಿಷದಲ್ಲಿ ಸಿಪ್ಪೆಯಾಗಿ ಕೆಳಗೆ ಬಿತ್ತು. ಅದು ಮತ್ತೆ ಬರಲ್ಲ. ಅವತ್ತಿಂದ ನಾನು ಹತ್ತರಿ ಹಾಕೋದು ಗೋಡೆಗೆ ಒರಗೋ ಹಿಂಭಾಗಕ್ಕೆ ಮತ್ತೆ ಸಾಮಾನು ಕೂರೋ ಮೇಲ್ಭಾಗಕ್ಕೆ ಮಾತ್ರ, ಎದುರಿಗೆ ಕಾಣೋ ಮುಖಕ್ಕೆ ಬರೀ 120 ನಂಬರ್ ಮರಳುಕಾಗದ ಕೈಯಲ್ಲಿ ಹಿಡಿದು ಸಿಬರು ಚುಚ್ಚದಷ್ಟು ಉಜ್ಜೋದು, ಅಷ್ಟೇ. ಮೊಳೆ ತೂತು, ಗೂಟದ ಗುರುತು, ಸುಣ್ಣದ ಕಲೆ ಎಲ್ಲ ಹಾಗೇ ಇರಲಿ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋಗಿ ನೋಡಿ, ಬಿಚ್ಚಿ ತಂದ ಹಳೇ ಮನೆಗಳ ಮರ ಅದರ ಗುರುತಿನ ಸಮೇತ ಎಷ್ಟು ಚೆಂದ ನಿಂತಿದೆ ಅಂತ ಗೊತ್ತಾಗತ್ತೆ.

ಪಕಾಸಿನ ಶೆಲ್ಫ್

ನಮ್ಮ ಹಳೇ ಮನೆಗಳಲ್ಲಿ ಗೋಡೆಗೆ ನಾಗಂದಿಗೆ ಇರ್ತಿತ್ತಲ್ಲ, ಅದೇ ಇದು, ಅಳತೆ ಸಣ್ಣದು. 4 ಅಡಿ ಉದ್ದ, 6 ಇಂಚು ಅಗಲ, 2 ಇಂಚು ದಪ್ಪದ ಹಲಸಿನ ಹಲಗೆ ಸುಮಾರು 6 ಕೆ.ಜಿ. ತೂಗತ್ತೆ, ಮೇಲೆ ಪುಸ್ತಕ ಇಟ್ರೆ ಇನ್ನೂ 15 ಕೆ.ಜಿ. ಆಗಬಹುದು, ಅದನ್ನ ಲೆಕ್ಕ ಇಟ್ಕೊಂಡು ಹೋಗೋಣ.

ತುದಿ ಎರಡೂ ಗುಣಿ (ಮೂಲೆಮಟ್ಟ) ಇಟ್ಟು ನೇರ ಕೊಯ್ಕೊಳ್ಳಿ. ಹಳೇ ಮರ ಸ್ವಲ್ಪ ತಿರುಚಿರತ್ತೆ, ಹಿಂಭಾಗ ಗೋಡೆಗೆ ಕೂರೋ ತನಕ ಹತ್ತರಿ ಹಾಕಿ. ಕೆಳಗಡೆ ಎಲ್ ಆಂಗಲ್ ಕೊಡೋದು ಸುಲಭ, ಊರಿನ ಕಮ್ಮಾರರ ಹತ್ರ ಪಟ್ಟಿ ಬಗ್ಗಿಸಿ ಮಾಡಿಸಿದ್ರೆ ಮರಕ್ಕೆ ಹೊಂದತ್ತೆ. ಆಂಗಲ್ ಕಾಣಬಾರದು ಅಂದ್ರೆ 12 ಎಂಎಂ ಕಬ್ಬಿಣದ ಸರಳು ಮೂರು, ಗೋಡೆ ಒಳಗೆ 4 ಇಂಚು, ಮರದ ಒಳಗೆ 4 ಇಂಚು. ಮರದಲ್ಲಿ ತೂತು ಕೊರೆಯೋವಾಗ ಓರೆಯಾದ್ರೆ ಶೆಲ್ಫು ಜೀವನಪೂರ್ತಿ ಬಗ್ಗಿರತ್ತೆ, ಆದ್ದರಿಂದ ಹಲಗೆಯನ್ನ ನಿಲ್ಲಿಸಿ ಕಟ್ಟಿ, ಪಕ್ಕ ಗುಣಿ ಇಟ್ಕೊಂಡು, ಇನ್ನೊಬ್ಬರಿಗೆ ಪಕ್ಕದಿಂದ ನೋಡಕ್ಕೆ ಹೇಳಿ ಕೊರೀರಿ.

ಗೋಡೆ ಯಾವುದು ಅನ್ನೋದು ಮುಖ್ಯ. ಸುಟ್ಟ ಇಟ್ಟಿಗೆ, ಕಾಂಕ್ರೀಟ್ ಆದ್ರೆ ರಾವಲ್ ಪ್ಲಗ್, ಸ್ಕ್ರೂ ಸಾಕು. ಒಳಗೆ ಟೊಳ್ಳಿರೋ ಬ್ಲಾಕಿಗೆ ಸಾದಾ ಪ್ಲಗ್ ನಿಲ್ಲಲ್ಲ, ಅದಕ್ಕಂತಲೇ ಬರೋ ಆಂಕರ್ ತಗೊಳ್ಳಿ. ಜಂಬಿಟ್ಟಿಗೆ ಗೋಡೆ ಮೆದು, ತೂತು ಹಿಗ್ಗಿಹೋಗತ್ತೆ, ಉದ್ದನೆ ಆಂಕರ್ ಹಾಕಿ ಕೆಮಿಕಲ್ ಅಂಟು ತುಂಬಬೇಕು. ಮಣ್ಣಿನ ಗೋಡೆಗೆ ದಯವಿಟ್ಟು ನೇತುಹಾಕಬೇಡಿ, ಆ ಮನೆಯಲ್ಲಿ ಎರಡು ಕಂಬ ಕೊಟ್ಟು ನೆಲದಿಂದ ನಿಲ್ಲೋ ಶೆಲ್ಫ್ ಮಾಡಿ.

ದಿಮ್ಮಿಯ ಸ್ಟೂಲು

ಇದು ನೋಡಕ್ಕೆ ಸುಲಭ, ಆದ್ರೆ ಜನ ಹೆಚ್ಚು ಸೋಲೋದು ಇದರಲ್ಲೇ, ಯಾಕಂದ್ರೆ ಹಸಿ ದಿಮ್ಮಿ ತಂದು ಅದೇ ವಾರ ಪಾಲಿಶ್ ಹಾಕ್ತಾರೆ. ಎರಡು ತಿಂಗಳಿಗೆ ಮಧ್ಯದಿಂದ ಅಂಚಿನ ತನಕ ಸೀಳು ಬಿಡತ್ತೆ. ಕಾರಣ ಇಷ್ಟೇ, ಮರ ಒಣಗೋವಾಗ ಸುತ್ತಳತೆ ದಿಕ್ಕಲ್ಲಿ ಕುಗ್ಗೋದು ತಿರುಳಿಂದ ತೊಗಟೆ ದಿಕ್ಕಲ್ಲಿ ಕುಗ್ಗೋದಕ್ಕಿಂತ ಸುಮಾರು ಎರಡು ಪಟ್ಟು, ಉಂಗುರ ಬಿಗಿ ಆಗ್ತಾ ಹೋಗತ್ತೆ, ಒಳಗಿನ ತಿರುಳು ಅಷ್ಟು ಸಣ್ಣ ಆಗಲ್ಲ, ಎಲ್ಲೋ ಒಂದು ಕಡೆ ಹರೀಲೇಬೇಕು. ಪೂರ್ತಿ ದಿಮ್ಮಿಯಲ್ಲಿ ಇದನ್ನ ತಡೆಯಕ್ಕಾಗಲ್ಲ, ಹದ್ದುಬಸ್ತಲ್ಲಿ ಇಡಬಹುದು.

18 ಇಂಚು ಎತ್ತರ, 12ರಿಂದ 14 ಇಂಚು ಅಗಲದ ಸಿಲ್ವರ್ ಓಕ್ ಅಥವಾ ಮಾವಿನ ತುಂಡು ಬೇಕು ಅಂದ್ರೆ 22 ಇಂಚು ಕೊಯ್ಸಿ, ತುದಿ ಬಿರುಕು ಆಮೇಲೆ ಕೊಯ್ದು ತೆಗೆಯಕ್ಕೆ ಜಾಗ ಇರತ್ತೆ. ಕೊಯ್ದ ದಿನವೇ ಎರಡೂ ತುದಿಗೆ ಕರಗಿಸಿದ ಮೇಣ ಇಲ್ಲ ಹಳೇ ಎನಾಮಲ್ ಪೇಂಟ್ ದಪ್ಪ ಬಳೀರಿ, ನೀರು ತುದಿಯಿಂದ ಬೇಗ ಹೋಗ್ಬಾರ್ದು, ಮೈಯಿಂದ ನಿಧಾನ ಹೋಗಬೇಕು. ತೊಗಟೆ ತೆಗೆದುಬಿಡಿ. ಫೋಟೋದಲ್ಲಿ ತೊಗಟೆ ಇರೋ ಸ್ಟೂಲು ಚೆನ್ನಾಗಿ ಕಾಣತ್ತೆ ನಿಜ, ನಮ್ಮ ಹವಾಮಾನದಲ್ಲಿ ಅದರ ಅಡಿ ಹುಳದ ಸಂಸಾರ ಶುರುವಾಗತ್ತೆ, ವರ್ಷದೊಳಗೆ ಉದುರತ್ತೆ. ಹಸಿ ಇರೋವಾಗ ಮೊಂಡು ಉಳಿಯಲ್ಲಿ ಎಬ್ಬಿಸಿದ್ರೆ ಬಾಳೆಹಣ್ಣಿನ ಸಿಪ್ಪೆ ಥರ ಎದ್ದು ಬರತ್ತೆ. ಸಿಲ್ವರ್ ಓಕು, ಮಾವು ಎರಡಕ್ಕೂ ಕುಟ್ಟೆ ಹುಳ ಬೇಗ ಬರತ್ತೆ, ಹಾಗಾಗಿ ತೊಗಟೆ ತೆಗೆದ ಕೂಡ್ಲೇ ಮೈಗೆ ಬೋರಾಕ್ಸ್ ದ್ರಾವಣ.

ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನೋದು ಒಣಗಿಸೋ ಹಳೇ ಲೆಕ್ಕ. ದಿಮ್ಮಿಗೆ ಅಷ್ಟು ಕಾಯಕ್ಕಾಗಲ್ಲ, ಆದ್ರೂ ಒಂದು ಬೇಸಿಗೆ ಪೂರ್ತಿ ನೆರಳಲ್ಲಿ ಇರಲೇಬೇಕು. ಒಂದು ಕಡೆ ತಿರುಳಿನ ತನಕ ಉದ್ದಕ್ಕೆ ಒಂದೇ ಗರಗಸದ ಗೀರು ಹಾಕಿಬಿಟ್ರೆ ಬಿರುಕು ಅಲ್ಲೇ ಬಿಡತ್ತೆ, ಬೇರೆ ಕಡೆ ಬಿಡೋದು ಕಮ್ಮಿ, ಆ ಭಾಗ ಗೋಡೆ ಕಡೆಗೆ ತಿರುಗಿಸಿ ಇಡಬಹುದು. ಒಣಗಿದ್ಯಾ ಅಂತ ತಿಳಿಯಕ್ಕೆ ಮೀಟರ್ ಇಲ್ದಿದ್ರೂ ನಡಿಯತ್ತೆ, ವಾರಕ್ಕೊಂದು ಸಲ ತೂಕ ಮಾಡಿ ಮರದ ಮೇಲೇ ಪೆನ್ಸಿಲಲ್ಲಿ ಬರೀರಿ, ತೂಕ ಇಳಿಯೋದು ನಿಂತು ಮೂರು ನಾಲ್ಕು ವಾರ ಒಂದೇ ಇದ್ರೆ ಆ ಜಾಗದ ಮಟ್ಟಿಗೆ ಒಣಗಿದೆ. ಆ ಜಾಗದ ಮಟ್ಟಿಗೆ ಅಂದಿದ್ದು ಯಾಕಂದ್ರೆ ಆಗುಂಬೆ ಹತ್ರ ಒಣಗಿಸಿದ ಮರ ಬೆಂಗಳೂರಿಗೆ ಬಂದ್ರೆ ಇನ್ನೂ ಒಣಗತ್ತೆ, ತಂದ ಮೇಲೆ ಒಂದು ತಿಂಗಳಾದ್ರೂ ಮನೆ ಒಳಗೆ ಇಟ್ಟು ಆಮೇಲೆ ಕೆಲಸ ಶುರು ಮಾಡಿ.

ತುದಿ ಸಮ ಮಾಡೋದು: ದಿಮ್ಮಿಯನ್ನ ಸಮ ನೆಲದ ಮೇಲೆ ನಿಲ್ಲಿಸಿ ಅಲುಗದ ಹಾಗೆ ಕೆಳಗೆ ಚಕ್ಕೆ ಕೊಡಿ. 20 ಇಂಚು ಎತ್ತರದ ಒಂದು ಡಬ್ಬ ಅಥವಾ ಮರದ ತುಂಡಿನ ಮೇಲೆ ಪೆನ್ಸಿಲ್ ಅಡ್ಡ ಕಟ್ಟಿ, ಅದನ್ನ ನೆಲದ ಮೇಲೆ ಜಾರಿಸ್ತಾ ದಿಮ್ಮಿ ಸುತ್ತ ಗೆರೆ ಎಳೀರಿ. ಆ ಗೆರೆಗೆ ಕೊಯ್ದು, ತಲೆಕೆಳಗೆ ಮಾಡಿ, ಇನ್ನೊಂದು ತುದಿಗೂ ಹಾಗೇ, ಈ ಸಲ 18 ಇಂಚಿಗೆ. ಆಮೇಲೆ 60, 80, 120, 180 ನಂಬರ್ ಕ್ರಮವಾಗಿ, ತುದಿಯ ಮೈಗೆ ನಂಬರ್ ಹಾರಿಸಿದ್ರೆ ಪಾಲಿಶ್ ಆದ ಮೇಲೆ ಗೀರೆಲ್ಲ ಎದ್ದು ಕಾಣತ್ತೆ. ಅಡಿಗೆ ಮೂರು ರಬ್ಬರ್ ಬುಷ್ ಹಾಕಿ, ಮೂರು ಕಾಲಿನದ್ದು ಯಾವ ನೆಲದ ಮೇಲೂ ಅಲುಗಲ್ಲ, ನೆಲ ಒರೆಸಿದ ನೀರೂ ಮರಕ್ಕೆ ತಾಗಲ್ಲ. ದೊಡ್ಡ ಬಿರುಕು ಬಿಟ್ಟಿದ್ರೆ ಡಮರುಗದ ಆಕಾರದ ಗಟ್ಟಿ ಮರದ ಕೀಲು ಕೆತ್ತಿ ಅಡ್ಡ ಕೂರಿಸಿ, ಬಿರುಕು ಮುಂದೆ ಹೋಗಲ್ಲ, ನೋಡಕ್ಕೂ ಒಂದು ಕೆಲಸ ಕಂಡ ಹಾಗಿರತ್ತೆ.

ಸಣ್ಣ ಪುಟ್ಟದ್ದು

ಕಿಟಕಿ ಚೌಕಟ್ಟಿಗೆ ಕನ್ನಡಿ ಕೂರಿಸೋದು ಒಂದು ಮಧ್ಯಾಹ್ನದ ಕೆಲಸ, ಸರಳು ತೆಗೆದು ಹಿಂದಿನಿಂದ 4 ಎಂಎಂ ಕನ್ನಡಿ, ಅದರ ಹಿಂದೆ ತೆಳು ಪ್ಲೈವುಡ್, ಸುತ್ತ ರೀಪು. ಹಳೇ ರೀಪಿಗೆ ಪೇರಲೆ ಕೊಂಬೆಯ ಕವಲು ಗೂಟ ಹೊಡೆದ್ರೆ ಬಟ್ಟೆ, ಛತ್ರಿ, ಹಾಳೆಟೋಪಿ ನೇತುಹಾಕೋ ಪಟ್ಟಿ ಆಯ್ತು, ಪೇರಲೆ ಕೊಂಬೆ ನುಣುಪು, ಗಟ್ಟಿ, ಉಜ್ಜೋ ಕೆಲಸವೇ ಇರಲ್ಲ. ಗೂಟವನ್ನ ಸ್ವಲ್ಪ ಮೇಲ್ಮುಖ ಓರೆಯಾಗಿ ಹೊಡೀರಿ. ನೊಗ ಸಿಕ್ಕಿದ್ರೆ ಅಡ್ಡ ನೇತುಹಾಕಿ ಊಟದ ಮೇಜಿನ ಮೇಲೆ ಎರಡು ಬಲ್ಬ್ ಇಳಿಬಿಡಬಹುದು, ವೈರ್ ಕೆಲಸ ಮಾತ್ರ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಬಳಸೋದಾದ್ರೆ ಒಳಗಿನ ಮೆತ್ತನೆ ನಾರು ಪೂರ್ತಿ ಕೆತ್ತಿ ತೆಗೀರಿ, ಕೈಗವಸು ಇಲ್ದೆ ಮುಟ್ಟಬೇಡಿ, ಅಡಿಕೆ ಸಿಬರು ಚುಚ್ಚಿದ್ರೆ ಮುರಿದು ಒಳಗೇ ಉಳಿಯತ್ತೆ, ಕೀವಾಗತ್ತೆ.

ಎಣ್ಣೆ, ಮೇಣ

ಒಳನಾಡಿನ ಮನೆಗೆ ನಾನು ಹಚ್ಚೋದು ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆ. ಮೊದಲ ಕೋಟಿಗೆ ಎಣ್ಣೆ ಮತ್ತೆ ಟರ್ಪೆಂಟೈನ್ ಸಮಸಮ, ಬಟ್ಟೆಯಲ್ಲಿ ಹಚ್ಚಿ 20 ನಿಮಿಷ ಬಿಟ್ಟು, ಮೇಲೆ ನಿಂತ ಎಣ್ಣೆಯನ್ನೆಲ್ಲ ಒರೆಸಿ ತೆಗೀಬೇಕು, ಬಿಟ್ರೆ ಅಂಟಂಟಾಗಿ ತಿಂಗಳಾದ್ರೂ ಒಣಗಲ್ಲ. ಒಂದೆರಡು ದಿನ ಬಿಟ್ಟು ಎರಡನೇದು, ಆಮೇಲೆ ಮೂರನೇದು. ಕೊನೆಗೆ ಜೇನುಮೇಣ: ಒಂದು ಪಾಲು ಮೇಣ, ನಾಲ್ಕು ಪಾಲು ಎಣ್ಣೆ, ಬಿಸಿನೀರಿನ ಪಾತ್ರೆ ಒಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ತಣ್ಣಗಾದ ಮೇಲೆ ತೆಳುವಾಗಿ ತಿಕ್ಕಿ. ಟರ್ಪೆಂಟೈನ್ ಮಾತ್ರ ಒಲೆ ಹತ್ರ ತರಬೇಡಿ.

ಎಣ್ಣೆ ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಮೂಲೆಗೆ ಎಸೀಲೇಬೇಡಿ. ಅಗಸೆ ಎಣ್ಣೆ ಒಣಗೋವಾಗ ಬಿಸಿ ಬಿಡತ್ತೆ, ಮುದ್ದೆ ಒಳಗೆ ಆ ಬಿಸಿ ಕೂಡ್ತಾ ಹೋಗಿ ಬೆಂಕಿ ಕಡ್ಡಿ ಇಲ್ಲದೆ ತಾನೇ ಹೊತ್ಕೊಳ್ಳತ್ತೆ. ಹೊರಗೆ ತಂತಿ ಮೇಲೆ ಒಂದೊಂದೇ ಬಿಡಿಸಿ ಹರವಿ, ಇಲ್ಲ ನೀರು ತುಂಬಿದ ಬಕೆಟ್ಟಿಗೆ ಹಾಕಿ. ಮನೇಲಿ ಸಹಾಯಕ್ಕೆ ಬರೋ ಎಲ್ಲರಿಗೂ ಇದನ್ನ ಹೇಳಿ.

ಮಂಗಳೂರು, ಉಡುಪಿ, ಕಾರವಾರದ ಕಡೆ ಬರೀ ಎಣ್ಣೆ ಹಚ್ಚಿದ್ರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯತ್ತೆ. ಅಲ್ಲಿ ಮ್ಯಾಟ್ ಪಿಯು (ಪಾಲಿಯುರಿಥೇನ್ ಪಾಲಿಶ್) ಎರಡು ತೆಳು ಕೋಟ್ ಒಳ್ಳೇದು, ಹೊಳೆಯೋ ಗ್ಲಾಸಿ ಬೇಡ, ಹಳೇ ಮರಕ್ಕೆ ಅದು ಹೊಂದಲ್ಲ. ಟೀ ಲೋಟ ಇಡೋ ಸ್ಟೂಲಿಗೆ ಎಲ್ಲಿದ್ರೂ ಪಿಯು ಹಾಕಿ. ಮತ್ತೆ ಯಾವ ಪಾಲಿಶನ್ನೂ ಜೂನಿಂದ ಸೆಪ್ಟೆಂಬರ್ ಒಳಗೆ ಮಲೆನಾಡಲ್ಲಿ ಮಾಡಕ್ಕೆ ಹೋಗ್ಬೇಡಿ, ಆ ನಾಲ್ಕು ತಿಂಗಳು ಮೊಳೆ ಕೀಳೋದು, ಕೆತ್ತೋದು, ಜೋಡಿಸೋದು ಮಾಡ್ಕೊಂಡಿರಿ.

ವರ್ಷಕ್ಕೊಂದು ಸಲ ದೀಪಾವಳಿ ಹೊತ್ತಿಗೆ ಮನೆ ಧೂಳು ಹೊಡಿಯೋವಾಗ ಇವನ್ನೆಲ್ಲ ಗೋಡೆಯಿಂದ ಇಳಿಸಿ ಹಿಂಭಾಗ ನೋಡಿ, ಗೆದ್ದಲ ಮಣ್ಣಿನ ಗೆರೆ, ಹೊಸ ಪುಡಿ ಇದ್ಯಾ ಅಂತ, ಇಲ್ಲ ಅಂದ್ರೆ ಒಂದು ತೆಳು ಮೇಣ ತಿಕ್ಕಿ ವಾಪಸ್ ಹಾಕಿ. ಹೋದ ವರ್ಷ ಚಿಕ್ಕಪ್ಪ ನಮ್ಮನೆಗೆ ಬಂದಿದ್ರು, ಶೆಲ್ಫಿನ ಹತ್ರ ಸುಮಾರು ಹೊತ್ತು ನಿಂತು, ಅದರ ಎಡತುದಿಯಲ್ಲಿ ಇರೋ ಸುಟ್ಟ ಗುರುತಿನ ಮೇಲೆ ಕೈ ಇಟ್ಟು, "ಇದು ಅಡುಗೆಮನೆ ಒಲೆ ಮೇಲಿನ ಪಕಾಸು, ಅಮ್ಮ ಇಲ್ಲೇ ಲಾಟೀನು ನೇತುಹಾಕ್ತಿದ್ಲು" ಅಂದ್ರು. ಈಗ ಅವರ ಊರಲ್ಲಿ ಯಾರ ಮನೆ ಬಿಚ್ಚಿದ್ರೂ ಮೊದಲು ನನಗೆ ಫೋನ್ ಮಾಡ್ತಾರೆ.